ಪದಚರ್ಚೆ: ಗಾಜಿನ ಗ್ಲಾಸನ್ನು ಕತ್ತರಿಸುವುದೋ, ಬಿಡಿಸುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಕೇಳಲು ಕೂತೆ. ಬರೆಯುತ್ತಾ ಹೋದಂತೆ ಅದರ ಬೆನ್ನಿಗೆ ಇನ್ನೆರಡು ಪದಗಳ ತಕರಾರೂ ಸೇರಿಕೊಂಡಿತು. ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ಮುಂಬೈಯ ಪರೇಲ್ ಕಡೆ ಒಂದು ಗಾಳಾದಲ್ಲಿ (ಕಾರ್ಖಾನೆ ಕಟ್ಟಡದ ಮಳಿಗೆಯಲ್ಲಿ) ನಮ್ಮ ಸಣ್ಣ ಸ್ಟುಡಿಯೋ ಇದೆ. ಅಂಗಡಿ ಸಾಮಾನುಗಳ ಫೋಟೋ ತೆಗೆಯುವುದು, ಹಿನ್ನೆಲೆ ಅಳಿಸಿ ಕ್ಯಾಟಲಾಗಿಗೆ ಸಿದ್ಧ ಮಾಡಿಕೊಡುವುದು ನಮ್ಮ ಕೆಲಸ. ಹುಡುಗರಲ್ಲಿ ಮೂವರು ನಮ್ಮವರೇ: ಒಬ್ಬ ಬೈಂದೂರಿನವನು, ಇಬ್ಬರು ಇಂಡಿ ತಾಲೂಕಿನವರು. ಅವರಿಗೆಂದು ಫೋಟೋಶಾಪಿನ ಪಾಠಗಳನ್ನು ಕನ್ನಡದಲ್ಲಿ ಬರೆದಿಡಲು ಹೊರಟೆ. ಚಪ್ಪಲಿ, ಕುರ್ಚಿ, ಕುಕ್ಕರು ಸಲೀಸಾಗಿ ಮುಗಿದವು. ಗಾಜಿನ ಗ್ಲಾಸಿಗೆ ಬಂದಾಗ ನನ್ನ ಕನ್ನಡ ಕೈಕೊಟ್ಟಿತು.

ಗ್ಲಾಸೆಂದರೆ ಕಟಿಂಗ್ ಚಹಾದ ಗ್ಲಾಸು. ಮೈತುಂಬ ಉದ್ದುದ್ದ ಪಟ್ಟೆ, ದಪ್ಪ ತಳ. ಯಾರೋ ಅದನ್ನು ಕೇಸರಿ ಬಣ್ಣದ ಮೇಜುಬಟ್ಟೆಯ ಮೇಲಿಟ್ಟು ಫೋಟೋ ತೆಗೆದಿದ್ದರು. ‘ಇದನ್ನು ಕತ್ತರಿಸು’ ಎಂದೆ. ಇಂಡಿಯ ಹುಡುಗರಲ್ಲಿ ದೊಡ್ಡವನು ಪೆನ್ ಟೂಲ್ ಹಿಡಿದು ಅಂಚಿನುದ್ದಕ್ಕೂ ಚುಕ್ಕೆ ಇಡುತ್ತಾ ಹೋಗಿ ಕೂದಲೆಳೆಯಷ್ಟೂ ತಪ್ಪದ ಹಾಗೆ ಕತ್ತರಿಸಿದ. ನೀಲಿ ಹಿನ್ನೆಲೆಯ ಮೇಲೆ ತಂದಿಟ್ಟು ನೋಡಿದರೆ, ಗ್ಲಾಸಿನ ಹೊಟ್ಟೆಯೊಳಗೆ ಕೇಸರಿ ಮೇಜುಬಟ್ಟೆ ನೇಯ್ಗೆಯ ಸಮೇತ ಕೂತಿದೆ. ಅವನದೇನೂ ತಪ್ಪಿಲ್ಲ, ಹೇಳಿದ್ದನ್ನೇ ಮಾಡಿದ್ದ. ಕತ್ತರಿಗೆ ಬೇಕಾದ್ದು ಅಂಚು ಮಾತ್ರ. ಅಂಚಿನ ಒಳಗಿದ್ದದ್ದು ವಸ್ತು, ಹೊರಗಿದ್ದದ್ದು ಹಿನ್ನೆಲೆ ಎಂಬ ಲೆಕ್ಕ ಕುಕ್ಕರಿಗೆ ಸರಿ. ಗಾಜಿನಲ್ಲಿ ಹಿನ್ನೆಲೆ ಅಂಚಿನ ಒಳಗೂ ಇರುತ್ತದಲ್ಲ.

ಸ್ಟುಡಿಯೋದ ಮುಂಬೈ ಹಿಂದಿಯಲ್ಲಿ ಇದಕ್ಕೆಲ್ಲ ‘ಪಾತ್ ಮಾರ್’, ‘ಕಟೌಟ್ ನಿಕಾಲ್’ ಎನ್ನುತ್ತಾರೆ. ಕಟೌಟ್ ಅಂದಕೂಡಲೇ ನಮ್ಮ ಹುಡುಗರ ಕಣ್ಣಮುಂದೆ ಬರುವುದು ಟಾಕೀಸಿನ ಎದುರು ಹಾರ ಹಾಕಿ ಹಾಲೆರೆಸಿಕೊಳ್ಳುವ ನಲವತ್ತು ಅಡಿಯ ಹೀರೋ. ಆ ಪದವನ್ನು ಅಲ್ಲೇ ಬಿಟ್ಟೆ.

ಆಮೇಲೆ ಹೊಳೆದದ್ದು ‘ಬಿಡಿಸು’. ಊರಲ್ಲಿ ಅಮ್ಮ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುವುದು, ಬಟಾಣಿ ಬಿಡಿಸುವುದು, ಸಿಕ್ಕು ಬಿಡಿಸುವುದು. ಅಂಟಿಕೊಂಡದ್ದನ್ನು ಹರಿಯದ ಹಾಗೆ ಬೇರೆ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾತು ಎಲ್ಲಿದೆ ಎಂದು ಬೀಗಿದೆ. ‘ಆ ಗ್ಲಾಸ್ ಬಿಡಿಸಿಡು’ ಎಂದು ಕಿರಿಯವನಿಗೆ ಹೇಳಿ ದಾದರಿಗೆ ಹೋಗಿ ಬಂದರೆ, ಆ ಪುಣ್ಯಾತ್ಮ ಹೊಸ ಹಾಳೆ ತೆರೆದು ಬ್ರಷ್ ಹಿಡಿದು ಕಟಿಂಗ್ ಗ್ಲಾಸಿನ ಚಿತ್ರ ಬಿಡಿಸಿಟ್ಟಿದ್ದಾನೆ! ಪಟ್ಟೆಗಳನ್ನು ಎಣಿಸಿ ಹಾಕಿದ್ದ. ಚಿತ್ರಗಳ ನಡುವೆಯೇ ದಿನ ಕಳೆಯುವವರಿಗೆ ಬಿಡಿಸು ಎಂದರೆ ಬರೆ ಎಂದೇ ಅರ್ಥ. ‘ಬೇರ್ಪಡಿಸು’ ಸರಿಯಿದೆ, ಆದರೆ ಹಸಿ ಕಸ ಒಣ ಕಸದ ನೋಟಿಸು ಓದಿದ ಹಾಗಾಗುತ್ತದೆ.

ನಿಜವಾಗಿ ನಾವು ಮಾಡುವುದೇನು ಅಂತ ಹೇಳಿದರೆ ನಿಮಗೂ ಪದ ಹುಡುಕಲು ಸುಲಭವಾದೀತು. ಕ್ಯಾಮೆರಾವನ್ನೂ ಗ್ಲಾಸನ್ನೂ ಬೆಳಕನ್ನೂ ಅಲುಗಿಸದೆ ಒಮ್ಮೆ ಬಿಳಿ ಹಿನ್ನೆಲೆಯಲ್ಲಿ, ಒಮ್ಮೆ ಕಪ್ಪು ಹಿನ್ನೆಲೆಯಲ್ಲಿ ಫೋಟೋ ತೆಗೆಯುತ್ತೇವೆ. ಬಿಳಿಯಲ್ಲಿ ಗಾಜಿನ ಕಪ್ಪು ಅಂಚುಗಳು ಎದ್ದು ಕಾಣುತ್ತವೆ, ಕಪ್ಪಿನಲ್ಲಿ ಬರೀ ಹೊಳಪು. ಪರದೆಯ ಮೇಲೆ 0 ಅಂದರೆ ಕಡುಗಪ್ಪು, 255 ಅಂದರೆ ಅಚ್ಚಬಿಳಿ. ಗ್ಲಾಸಿನ ತಳದ ಒಂದು ಚುಕ್ಕೆ (ಪಿಕ್ಸೆಲ್) ಬಿಳಿಯ ಮುಂದೆ 200, ಕಪ್ಪಿನ ಮುಂದೆ 30 ಇದೆ ಎನ್ನಿ. ವ್ಯತ್ಯಾಸ 170. ಅಲ್ಲಿ ಏನೂ ಇಲ್ಲದಿದ್ದರೆ ವ್ಯತ್ಯಾಸ ಪೂರ್ತಿ 255 ಇರಬೇಕಿತ್ತು. ಕಡಿಮೆ ಬಿದ್ದ 85 ಎಂದರೆ 255ರ ಮೂರರಲ್ಲೊಂದು ಪಾಲು. ಆ ಜಾಗದಲ್ಲಿ ಗಾಜು ತನ್ನ ಹಿಂದಿರುವುದನ್ನು ಅಷ್ಟು ಮರೆಮಾಡಿದೆ, ಮಿಕ್ಕಿದ್ದನ್ನು ತೋರಿಸಿದೆ. ಇದನ್ನು ಚುಕ್ಕೆ ಚುಕ್ಕೆಗೂ ಲೆಕ್ಕ ಹಾಕಿದರೆ ಮೇಜುಬಟ್ಟೆಯ ಹಂಗಿಲ್ಲದ ಗ್ಲಾಸು ಕೈಗೆ ಬರುತ್ತದೆ. ಗಾಜಿನ ಹಿಂದೆ ಇಟ್ಟದ್ದು ಸೊಟ್ಟಗೆ ಕಾಣಬೇಕು ಎಂದರೆ ಮಾತ್ರ ಈ ಲೆಕ್ಕಕ್ಕೆ ದಕ್ಕದು. ಅದನ್ನು ಕೈಯಿಂದಲೇ ತಿದ್ದಬೇಕು.

ಈ ಪಾಲಿಗೆ ಇಂಗ್ಲಿಷಿನವರು ಆಲ್ಫಾ ಎನ್ನುತ್ತಾರೆ. 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಇಟ್ಟ ಹೆಸರು, ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿದ್ದ ಗ್ರೀಕ್ ಅಕ್ಷರವೇ ಹೆಸರಾಯಿತು. ಆಲ್ಫಾ ಹಾಗೇ ಇರಲಿ, ನನ್ನ ಅಭ್ಯಂತರವಿಲ್ಲ. ತಕರಾರು ಇರುವುದು ಒಪಾಸಿಟಿಗೆ ನಾವು ಕಟ್ಟಿಕೊಂಡ ‘ಅಪಾರದರ್ಶಕತೆ’ಯ ಮೇಲೆ. ‘ಅಪಾರದರ್ಶಕತೆಯನ್ನು ಶೇ. 40ಕ್ಕೆ ಇಳಿಸಿ’ ಎಂದರೆ ಕಾಣುವುದು ಹೆಚ್ಚಿತೋ ಕಡಿಮೆಯಾಯಿತೋ ಎಂದು ನಾನೇ ಬೆರಳು ಮಡಚಬೇಕು. ‘ಮರೆ’ ಎಂದರೆ ಸಾಲದೇ? ಮರೆ ಶೇ. 100 ಇದ್ದರೆ ಹಿಂದಿನದೇನೂ ಕಾಣದು, ಮರೆ ಇಳಿಸಿದಷ್ಟೂ ಕಾಣುತ್ತದೆ. ಬೈಂದೂರಿನವನಿಗೆ ಒಂದೇ ಸಲಕ್ಕೆ ತಿಳಿಯಿತು.

ಹಾಗೆಯೇ, ಚಿತ್ರದ ಭಾಗಗಳನ್ನು ಅಳಿಸದೆ ಮರೆಮಾಡುವ ಮಾಸ್ಕಿಗೆ ಮುಖವಾಡ ಬೇಡ, ‘ಮುಸುಕು’ ಸಾಕು ಎನಿಸಿದೆ. ಮುಸುಕಿನ ಮೇಲೆ ಕಪ್ಪು ಬಳಿದಲ್ಲಿ ಮುಚ್ಚುತ್ತದೆ, ಬಿಳಿ ಬಳಿದಲ್ಲಿ ತೆರೆಯುತ್ತದೆ.

ಸೆಲೆಕ್ಷನ್ನಿಗೆ ಬಳಸುವ ‘ಆಯ್ಕೆ’ಯ ಬಗ್ಗೆ ತಂಟೆ ತೆಗೆಯಬಾರದು ಅಂದುಕೊಂಡಿದ್ದೆ, ಎಲ್ಲರಿಗೂ ಒಗ್ಗಿದ ಪದ. ಆದರೆ ಗಾಜು ಅಲ್ಲೂ ಬಿಡಲಿಲ್ಲ, ಅದರ ಚುಕ್ಕೆಗಳನ್ನು ಅರೆಬರೆಯಾಗಿ ಆರಿಸಬೇಕಾಗುತ್ತದೆ. ಆಯ್ಕೆ ಮಾಡಿದ ಜಾಗದ ಸುತ್ತ ಇರುವೆ ಸಾಲಿನಂತೆ ಗೆರೆ ಓಡಾಡುತ್ತದಷ್ಟೆ. ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಚುಕ್ಕೆ ಒಂದೂ ಇಲ್ಲದಿದ್ದರೆ ಇರುವೆಗಳು ಬರುವುದೇ ಇಲ್ಲ. ಯಾವ ಚುಕ್ಕೆಯೂ ಶೇ. 50ಕ್ಕಿಂತ ಹೆಚ್ಚು ಆಯ್ಕೆಯಾಗಿಲ್ಲ, ಅಂಚು ಕಾಣದು ಎಂದು ಫೋಟೋಶಾಪ್ ಎಚ್ಚರಿಸಿ ಸುಮ್ಮನಾಗುತ್ತದೆ. ಆಯ್ಕೆ ಮಾತ್ರ ಆಗಿರುತ್ತದೆ. ಇದನ್ನು ವಿವರಿಸುತ್ತಿದ್ದಾಗ ದೊಡ್ಡವನು ಕೇಳಿದ: ‘ಸರ, ಅರ್ಧಾ ಆರಿಸೂದು ಅಂದ್ರ ಹ್ಯಾಂಗ್ರಿ? ಆರಿಸಿದ್ರ ಆರಿಸಿದಂಗ, ಬಿಟ್ರ ಬಿಟ್ಟಂಗ.’ ಅವನ ಮಾತು ನ್ಯಾಯವಾದದ್ದೇ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅರ್ಧ ಕಲ್ಲು ಆರಿಸುವುದುಂಟೇ? ‘ತೆಳು ಆಯ್ಕೆ’ ಎಂದು ಬರೆದು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.

ಕೊನೆಗೆ ‘ಪಾರದರ್ಶಕ’. ಪಾರ ಎಂದರೆ ಆಚೆ ದಡ, ಆಚೆ ದಡವನ್ನು ತೋರಿಸುವಂಥದ್ದು ಪಾರದರ್ಶಕ. ಚಂದದ ಪದ, ಮರಾಠಿಯವರದೂ ಇದೇ. ಟೆಂಡರಿನವರು ಹಿಡಿದುಕೊಂಡ ಮೇಲೆ ಸ್ವಲ್ಪ ಸವೆದಿದೆ, ಕರ್ನಾಟಕದಲ್ಲಿ 1999ರ ಖರೀದಿ ಕಾಯಿದೆಯ ಹೆಸರಲ್ಲೇ ಪಾರದರ್ಶಕತೆ ಇದೆ. ತೊಂದರೆ ಏನೆಂದರೆ, ಗಿರಾಕಿಗಳು ‘ಪಾರದರ್ಶಕ ಗ್ಲಾಸು ಕಳಿಸಿ’ ಎಂದಾಗ ಎರಡರ್ಥ. ಒಂದು, ಗಾಜು ಇದೆ, ಅದರ ಮೂಲಕ ಆಚೆ ಕಾಣಬೇಕು. ಇನ್ನೊಂದು, ಗ್ಲಾಸಿನ ಸುತ್ತ ಏನೂ ಇರಬಾರದು, ಪರದೆಯಲ್ಲಿ ಬೂದು-ಬಿಳಿ ಚೌಕಳಿ ಕಾಣಬೇಕು. ಇದ್ದೂ ಕಾಣಿಸುವುದು ಬೇರೆ, ಇಲ್ಲದಿರುವುದು ಬೇರೆ. ಒಬ್ಬ ಗಿರಾಕಿ ಎರಡನೆಯದನ್ನು ಕೇಳಿದ್ದ, ನಾವು ಮೊದಲನೆಯದನ್ನು ಜೇಪೆಗ್‌ನಲ್ಲಿ ಕಳಿಸಿದೆವು. ಜೇಪೆಗ್‌ಗೆ ಖಾಲಿ ಜಾಗ ಎಂಬುದೇ ಗೊತ್ತಿಲ್ಲ, ಬಿಳಿ ತುಂಬಿಬಿಟ್ಟಿತು. ಪಿಎನ್‌ಜಿ ಆಗಬೇಕಿತ್ತು. ಎರಡು ದಿನದ ಕೂಲಿ ಹೋಯಿತು.

ಈ ‘ಇಲ್ಲದ’ ಹಿನ್ನೆಲೆಗೆ ‘ಬಯಲು’ ಎನ್ನೋಣ ಎಂದು ಆಸೆಪಟ್ಟು ಬರೆದೆ: ‘ಮೊದಲು ವಸ್ತುವಿನ ಹಿನ್ನೆಲೆಯನ್ನು ಬಯಲು ಮಾಡಿ.’ ಓದಿ ನೋಡಿದರೆ ಪತ್ರಿಕೆಯ ಕ್ರೈಂ ಪುಟ! ಅಳಿಸಿ ‘ಖಾಲಿ ಹಿನ್ನೆಲೆ’ ಎಂದು ಬರೆದಿದ್ದೇನೆ.

ಹಾಗಾಗಿ ಬಲ್ಲವರಲ್ಲಿ ಕೇಳುವುದಿಷ್ಟು. ‘ಮರೆ’ಯನ್ನು ಈ ಅರ್ಥದಲ್ಲಿ ಅಳತೆಯ ಪದವಾಗಿ ಬಳಸಿದರೆ ವ್ಯಾಕರಣದವರಿಗೆ ಏನಾದರೂ ಅಡ್ಡಿಯಿದೆಯೇ? ಅರೆಬರೆ ಆಯ್ಕೆಗೆ ‘ತೆಳು’ವಿಗಿಂತ ಒಪ್ಪುವ ಮಾತು ನಿಮ್ಮ ಕಡೆ ಇದೆಯೇ? ಮುಖ್ಯವಾಗಿ ಆ ಕ್ರಿಯಾಪದ: ಗದಗ, ಹುಬ್ಬಳ್ಳಿಯ ಪ್ರೆಸ್ಸುಗಳಲ್ಲಿ ಕೆಲಸ ಮಾಡಿದ ಹಿರಿಯರು ಫೋಟೋದಿಂದ ಒಂದು ವಸ್ತುವನ್ನು ಬೇರೆ ಮಾಡುವುದಕ್ಕೆ ಏನನ್ನುತ್ತಿದ್ದರು? ‘ಬಿಡಿಸಿ ತೆಗೆ’ ಎಂದು ಜೋಡಿಯಾಗಿ ಹೇಳಿದರೆ ಚಿತ್ರ ಬರೆಯುವ ಅರ್ಥ ತಪ್ಪೀತು ಎಂದು ನನ್ನ ಅಂದಾಜು. ಕಿರಿಯವನ ಮೇಲೆ ಇನ್ನೂ ಪ್ರಯೋಗ ಮಾಡಿಲ್ಲ.