ಸಹಾಯ ಬೇಕು: ಓವರ್‌ಸ್ಟೇಬಲ್ ಡ್ರೈವರ್ 40 ಮೀಟರಿಗೇ ಎಡಕ್ಕೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರ ನಮ್ಮೂರ ಬಯಲಲ್ಲಿ ನಾವು ಮೂವರು ಡಿಸ್ಕ್ ಗಾಲ್ಫ್ (ಪ್ಲಾಸ್ಟಿಕ್ ತಟ್ಟೆಯನ್ನು ಗುರಿಗೆ ಎಸೆಯುವ ಆಟ) ಆಡುತ್ತೇವೆ. ಬ್ಯಾಸ್ಕೆಟ್ ಇಲ್ಲ, ಒಂದು ತೆಂಗಿನ ಮರವೇ ಗುರಿ. ಬಲಗಡೆ ಪೂರ್ತಿ ಕಬ್ಬಿನ ಗದ್ದೆ.

ನಾನು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುತ್ತೇನೆ. ಗಾಳಿ ಇಲ್ಲದಿದ್ದರೆ ಲೆಪರ್ಡ್ ಅನ್ನುವ ಡಿಸ್ಕ್ 65 ಮೀಟರ್ ಹೋಗುತ್ತದೆ. ಆಷಾಢದ ಎದುರುಗಾಳಿ ಶುರುವಾದ ಮೇಲೆ ಅದು ಬಲಕ್ಕೆ ಮಗುಚಿ ಸೀದಾ ಕಬ್ಬಿನೊಳಗೆ. ಒಂದು ಹೋಯಿತು, ಇನ್ನೂ ಸಿಕ್ಕಿಲ್ಲ. ಕಟಾವಿನವರ ಕೈಗೆ ಸಿಕ್ಕರೆ ಏನಂದುಕೊಳ್ಳುತ್ತಾರೋ!

ಗಾಳಿಗೆ ಓವರ್‌ಸ್ಟೇಬಲ್, ಅಂದರೆ ಸುಲಭಕ್ಕೆ ಬಲಕ್ಕೆ ಮಗುಚದೆ ಎಡಕ್ಕೆ ಎಳೆಯುವ ಡಿಸ್ಕ್ ಬೇಕು ಅಂದರು. 175 ಗ್ರಾಂ ಡೆಸ್ಟ್ರಾಯರ್ ಅನ್ನುವ ಡ್ರೈವರ್ (ದೂರ ಎಸೆಯುವ ಡಿಸ್ಕ್) ತರಿಸಿದೆ. ಅದರ ಅಂಕಿಗಳು: ಸ್ಪೀಡ್ (ಎಷ್ಟು ವೇಗವಾಗಿ ಎಸೆಯಬೇಕು) 12, ಗ್ಲೈಡ್ (ಎಷ್ಟು ತೇಲುತ್ತದೆ) 5, ಟರ್ನ್ -1, ಫೇಡ್ (ಕೊನೆಗೆ ಎಷ್ಟು ಎಡಕ್ಕೆ ಹೊರಳುತ್ತದೆ) 3. ಟರ್ನ್ -1 ಅಂದರೆ ಮೊದಲು ಸ್ವಲ್ಪ ಬಲಕ್ಕೆ ವಾಲಬೇಕು ಅಲ್ವಾ? ಎದುರುಗಾಳಿಗೆ ಇನ್ನೂ ಜಾಸ್ತಿ ವಾಲಬೇಕು. ನನ್ನ ಕೈಯಲ್ಲಿ ವಾಲುವುದೇ ಇಲ್ಲ. ಮೂತಿ (ಮುಂದಿನ ಅಂಚು) ಎತ್ತಿಕೊಂಡು ಗಾಳಿಪಟದ ಥರ ಏರುತ್ತದೆ, 40 ಮೀಟರಿಗೆ ಎಡಕ್ಕೆ ಹೊರಳಿ ಧೊಪ್ ಅಂತ ಬೀಳುತ್ತದೆ.

ಹೊರ ಅಂಚು ಎತ್ತಿ ಆನ್‌ಹೈಜರ್ ಕೊಟ್ಟು ನೋಡಿದೆ. ಸ್ವಲ್ಪ ನೇರ ಹೋಯಿತು, ದೂರ ಮಾತ್ರ ಅಷ್ಟೇ. ಓಡಿ ಬಂದು ಜೋರಾಗಿ ಎಸೆದೆ, ಸುಮ್ನೆ ಭುಜ ನೋವು ಬಂತು.

ಗೊಂದಲ ಇಷ್ಟೇ. ತೋಳಿನ ವೇಗ ಸಾಲದೆ ಹೀಗಾಗುತ್ತಿದೆಯೋ, ಬಿಡುವಾಗ ಮೂತಿ ಮೇಲೇಳುವುದೇ ಕಾರಣವೋ, ನೋಡಿ ಹೇಗೆ ಗೊತ್ತುಮಾಡಿಕೊಳ್ಳುವುದು? ವೇಗವೇ ಸಾಲದು ಅನ್ನುವುದಾದರೆ, 65 ಮೀಟರ್ ಎಸೆಯುವವನು ಎದುರುಗಾಳಿಗೆ ಫೈರ್‌ಬರ್ಡ್ ಥರದ ಸ್ಪೀಡ್ 9 ಡಿಸ್ಕ್ ತೆಗೆದುಕೊಳ್ಳಬೇಕಾ, ಇಲ್ಲ ಡೆಸ್ಟ್ರಾಯರನ್ನೇ ಹಗುರ ತೂಕದಲ್ಲಿ ತರಿಸಬೇಕಾ?