ಪದಚರ್ಚೆ: ‘ಕೇಳಿದ ಪ್ರಾಧಿಕಾರ’ ಅಂದ್ರೆ ಕೇಳಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಷೇರುಪೇಟೆ ಹೂಡಿಕೆದಾರರಿಗೆ ಅಂತ ಒಂದು ಕಿರುಪುಸ್ತಿಕೆ ಕನ್ನಡಕ್ಕೆ ತರ್ತಾ ಇದೀನಿ, ‘ರಿಕ್ವೆಸ್ಟಿಂಗ್ ಅಥಾರಿಟಿ’, ‘ರಿಕ್ವೆಸ್ಟೆಡ್ ಅಥಾರಿಟಿ’ ಅನ್ನೋ ಜೋಡಿಪದದ ಹತ್ರ ಬಂದು ಮೂರು ದಿನದಿಂದ ಕೆಲಸ ನಿಂತುಬಿಟ್ಟಿದೆ.

ಐಯೋಸ್ಕೋ ಅಂತ ದೇಶದೇಶಗಳ ಷೇರುಪೇಟೆ ನಿಯಂತ್ರಕರ ಒಕ್ಕೂಟ ಇದೆ, ಕಚೇರಿ ಮ್ಯಾಡ್ರಿಡ್‌ನಲ್ಲಿ. ಅವರು 2002ರಲ್ಲಿ ಮಾಡಿದ ಬಹುಪಕ್ಷೀಯ ತಿಳಿವಳಿಕೆ ಪತ್ರಕ್ಕೆ (ಎಂಓಯು) ನಮ್ಮ ದೇಶದ ಷೇರುಪೇಟೆ ನಿಯಂತ್ರಕ ಸೆಬಿ 2003ರಲ್ಲೇ ಸಹಿ ಹಾಕಿದೆ. ಯಾರೋ ಸಿಂಗಪುರದ ಅಕೌಂಟಿಂದ ಮುಂಬೈ ಪೇಟೇಲಿ ಒಳಸುದ್ದಿ ಹಿಡ್ಕೊಂಡು ಷೇರು ತಗೊಂಡ್ರು ಅಂದ್ಕೊಳಿ, ಆಗ ಸೆಬಿಯವರು ಅಲ್ಲಿನ ನಿಯಂತ್ರಕರಾದ ಮಾನಿಟರಿ ಅಥಾರಿಟಿಗೆ ಬರೆದು ಬ್ಯಾಂಕ್ ದಾಖಲೆ, ಬ್ರೋಕರ್ ದಾಖಲೆ, ಆ ಅಕೌಂಟಿನ ನಿಜವಾದ ಒಡೆಯ ಯಾರು ಅನ್ನೋದು ಎಲ್ಲಾ ಕೇಳಬಹುದು. ಇಲ್ಲಿ ಸೆಬಿ ರಿಕ್ವೆಸ್ಟಿಂಗ್ ಅಥಾರಿಟಿ, ಸಿಂಗಪುರದವರು ರಿಕ್ವೆಸ್ಟೆಡ್ ಅಥಾರಿಟಿ.

ರಿಕ್ವೆಸ್ಟಿಂಗ್ ಅಥಾರಿಟಿಗೆ ಮೊದಲು ‘ಕೇಳಿದ ಪ್ರಾಧಿಕಾರ’ ಅಂತ ಬರೆದೆ. ‘ಕೇಳಿದ ಪ್ರಾಧಿಕಾರವು ಮಾಹಿತಿಯನ್ನು ಗೌಪ್ಯವಾಗಿ ಇಡಬೇಕು’. ಓದಿ ನೋಡಿದ್ರೆ ಕೇಳಿದವರೋ, ಯಾರನ್ನ ಕೇಳಿದ್ರೋ ಅವರೋ, ಇಲ್ಲಾ ಕಿವಿಯಾರೆ ಕೇಳಿಸ್ಕೊಂಡವರೋ, ಮೂರೂ ಅರ್ಥ ಬರುತ್ತೆ! ‘ಕೇಳುಗ’ ಅಂದ್ರೆ ರೇಡಿಯೋ ಕೇಳೋರು. ‘ಕೋರಲ್ಪಟ್ಟ’ ಅನ್ನೋದು ಕನ್ನಡದ ಬಾಯಿಗೆ ಒಗ್ಗಲ್ಲ. ‘ಮನವಿದಾರ’ ಅಂದ್ರೆ ತಹಶೀಲ್ದಾರ್ ಮುಂದೆ ಅರ್ಜಿ ಹಿಡ್ಕೊಂಡು ನಿಂತ ಹಾಗಾಗುತ್ತೆ, ಇಲ್ಲಿ ಇಬ್ಬರೂ ಸಮಾನರು, ಇವತ್ತು ಕೇಳೋರು ನಾಳೆ ಕೊಡೋರಾಗ್ತಾರೆ.

‘ಮಾಹಿತಿ ಕೊಡಬೇಕಾದ ಪ್ರಾಧಿಕಾರ’ ಅಂತ ಒಬ್ಬ ಸ್ನೇಹಿತರು ಹೇಳಿದ್ರು. ಅದು ಚೆನ್ನಾಗಿದೆ, ಆದ್ರೆ ಆ ‘ಬೇಕಾದ’ ತಪ್ಪು. ಈ ಪತ್ರ ಕಾನೂನಿನ ಕಟ್ಟುಪಾಡು ಹಾಕಲ್ಲ, ದೇಶದ ಹಿತಕ್ಕೆ ಧಕ್ಕೆ ಅಂತ ಅನ್ನಿಸಿದ್ರೆ ಕೊಡಲ್ಲ ಅನ್ನೋಕೂ ಅವಕಾಶ ಇದೆ. ಅದಕ್ಕೇ ನಾನು ಎಂಓಯುಗೆ ‘ಒಪ್ಪಂದ’ ಅಂತಾನೂ ಬರೀಲಿಲ್ಲ.

ಸದ್ಯಕ್ಕೆ ‘ಕೋರಿಕೆ ಕಳಿಸಿದ ಪ್ರಾಧಿಕಾರ’, ‘ಕೋರಿಕೆ ಪಡೆದ ಪ್ರಾಧಿಕಾರ’ ಅಂತ ಇಟ್ಕೊಂಡಿದೀನಿ. ‘ಕೋರಿಕೆ ಬಂದ’ ಅಂತ ಮಾಡಿದ್ರೆ ಎಲ್ಲಿಂದ ಬಂತು, ಎಲ್ಲಿಗೆ ಬಂತು ಅಂತ ಮತ್ತೆ ಅದೇ ಗೋಜಲು. ಆದ್ರೆ ‘ಪಡೆದ’ ಅನ್ನೋದು, ಕೇಳಿದ್ದು ಮಂಜೂರಾಯ್ತು ಅನ್ನೋ ಹಾಗೆ ಕೇಳ್ಸುತ್ತಾ? ಕೋರ್ಟು ಕಚೇರಿ ಕನ್ನಡ ಬಲ್ಲವರು, ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ, ಇದಕ್ಕಿಂತ ಚಿಕ್ಕ ಜೋಡಿ ಸಿಗುತ್ತಾ?