ಹುಟ್ಟೂ ಹಾಕ್ಬೇಕು, ಹಾಯೀನೂ ಕಟ್ಬೇಕು – ಅಂಥ ದೋಣಿಗೆ ಏನನ್ನೋಣ?

ನಮಸ್ಕಾರ ಎಲ್ರಿಗೂ. ಬಹಳ ದಿನದಿಂದ ಸುಮ್ನೆ ಓದ್ಕೊಂಡಿದ್ದೆ, ಈಗ ಪದಗಳ ಕಷ್ಟ ಬಂದಿದೆ, ಅದಕ್ಕೆ ಬಾಯಿ ಬಿಡ್ತಿದೀನಿ.

ನಮ್ಮಕ್ಕನ ಮಗ ಬೆಂಗಳೂರಲ್ಲಿ ಕೆಲಸ ಮಾಡ್ತಾನೆ, ತಿಂಗಳಿಗೆರಡು ಸಲ ಹಾಸನಕ್ಕೆ ಬರ್ತಾನೆ, ಅವನಿಗೆ ಹೇಮಾವತಿ ಹಿನ್ನೀರಲ್ಲಿ ಬಿಡೋಕೆ ಒಂದು ಸಣ್ಣ ದೋಣಿ ಬೇಕಂತೆ, ಗಾಳಿ ಇದ್ರೆ ಹಾಯಿ ಕಟ್ಕೊಂಡು ಹೋಗೋದು, ಗಾಳಿ ನಿಂತ್ರೆ ಹುಟ್ಟು ಹಾಕ್ಕೊಂಡು ವಾಪಸ್ ಬರೋದು. ಪರ್ಮಿಷನ್ನು ಗಿರ್ಮಿಷನ್ನು ಅವನ ತಲೆನೋವು. ನನ್ನ ತಲೆನೋವು ಏನಂದ್ರೆ, ಇಂಥ ದೋಣಿ ಹೇಗೆ ಆರಿಸ್ಬೇಕು ಅಂತ ಇಂಗ್ಲಿಷಲ್ಲಿ ನಾಲ್ಕು ಪುಟ ಬರೆದಿಟ್ಕೊಂಡಿದ್ದ, "ಮಾವ, ಇದನ್ನ ಕನ್ನಡಕ್ಕೆ ಮಾಡ್ಕೊಡಿ, ನಮ್ಮೂರ ಹುಡುಗ್ರಿಗೆ ಓದೋಕೆ ಕೊಡ್ತೀನಿ" ಅಂತ ಕೈಗಿಟ್ಟು ಹೋದ. ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡೆ.

"ಹುಟ್ಟುಹಾಕಲು ಸುಲಭವಾದ ದೋಣಿ" ಅಂತ ಬರೆದೆ. ನಮ್ಮನೆಯವ್ರು ಓದಿ, "ದೋಣಿ ಹುಟ್ಟುಹಾಕೋದು ಅಂದ್ರೇನ್ರಿ, ಮಹಿಳಾ ಸಂಘ ಹುಟ್ಟುಹಾಕಿದ ಹಾಗಾ?" ಅಂದ್ರು. ಸರಿ, ಬಿಡಿಸಿ ಬರೆದ್ರೆ ದೋಣಿ ನಡೆಸೋದು, ಕೂಡಿಸಿ ಬರೆದ್ರೆ ಶುರು ಮಾಡೋದು, ಆದ್ರೆ ಬಾಯಲ್ಲಿ ಹೇಳುವಾಗ ಆ ಗ್ಯಾಪ್ ಎಲ್ಲಿ ಕೇಳ್ಸುತ್ತೆ? ಕಿಟ್ಟೆಲ್ ನಿಘಂಟು (1894) ತೆಗೆದ್ರೆ ಹುಟ್ಟು ಅಂದ್ರೆ ದೋಣಿ ನಡೆಸೋ ಕೋಲೂ ಹೌದು, ಅಡಿಗೆಮನೆ ಮರದ ಸೌಟೂ ಹೌದು. ನಮ್ಮ ಕಡೆ ಉಳಿದಿರೋದು ಜೇನುಹುಟ್ಟು ಒಂದೇ, ಇನ್ನು ಹುಟ್ಟುಸಾವಿನ ಹುಟ್ಟು.

ಹಾಯಿ ಕತೆ ಇನ್ನೂ ಚೆನ್ನಾಗಿದೆ. ಕಳೆದ ಭಾನುವಾರ ಶೆಟ್ಟಿಹಳ್ಳಿ ಮುಳುಗೋ ಚರ್ಚ್ ಹತ್ರ ಹೋಗಿದ್ವಿ, ದಡದಲ್ಲಿ ಒಬ್ಬರು ವಯಸ್ಸಾದವರು ಕೂತ್ಕೊಂಡು ಬಲೆ ಬಿಡಿಸ್ತಿದ್ರು, ಪಕ್ಕದಲ್ಲಿ ಅವರ ತೆಪ್ಪ ಬೋರಲು ಹಾಕಿತ್ತು, ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಶೀಟು, ಅದಕ್ಕೆ ಟಾರು. (ನಿಘಂಟು ಇದನ್ನ ಹರಿಗೋಲು ಅನ್ನುತ್ತೆ, ತೆಪ್ಪ ಅಂದ್ರೆ ಮರದ ತುಂಡು ಜೋಡಿಸಿ ಕಟ್ಟಿದ್ದು ಅನ್ನುತ್ತೆ. ಇಲ್ಲಿ ಹರಿಗೋಲು ಅಂತ ಯಾರ ಬಾಯಲ್ಲೂ ಕೇಳಿಲ್ಲ, ದುಂಡಗಿರೋದೇ ತೆಪ್ಪ.) ಇದಕ್ಕೆ ಹಾಯಿ ಕಟ್ತಾರಾ ಅಂತ ಕೇಳಿದೆ. ಅವರು ಬಲೆಯಿಂದ ತಲೆ ಎತ್ತದೆ, "ಹಾಯಿ ಅಂದ್ರೆ ಯಾವ್ದು ಸಾ, ನೀರ್ ಹಾಯ್ಸೋದಾ?" ಅಂದ್ರು. ನಮ್ಮಲ್ಲಿ ಗದ್ದೆಗೆ ನೀರು ಹಾಯ್ಸೋದು, ಹೊಳೆ ಹಾಯೋದು, ಹಾಯೋ ಹಸು – ಇಷ್ಟೇ. ಬಟ್ಟೆ ಕಟ್ಟೋದು ಅಂತ ಕೈ ಮಾಡಿ ತೋರಿಸಿದ್ಮೇಲೆ "ಓ ಪಟ!" ಅಂದ್ರು. ಗಾಳಿಪಟದ ಪಟ. ನಂಗೆ ಅದು ತಪ್ಪು ಅಂತ ಅನ್ನಿಸ್ಲೇ ಇಲ್ಲ. ತಮಿಳಲ್ಲಿ ಪಾಯ್ ಅಂದ್ರೆ ಚಾಪೆನೂ ಹೌದು ಹಾಯಿನೂ ಹೌದು, ಪಾಲು ಹಾಲು ಆದಂಗೆ ನಮ್ಮಲ್ಲಿ ಪಾಯಿ ಹಾಯಿ ಆಗಿದೆ, ಚಾಪೆ ಅನ್ನೋ ಅರ್ಥ ದಾರೀಲೆಲ್ಲೋ ಬಿದ್ದೋಗಿದೆ.

ಹಾಯಿ ಕಟ್ಟೋ ಕಂಬಕ್ಕೆ ಕೂವೆ ಅಂತ ನಿಘಂಟಲ್ಲಿದೆ, ಕೂವೆಮರ ಅಂತಾನೂ ಇದೆ. ಅದನ್ನ ಚಿಕ್ಕಮಗಳೂರು ಕಡೆಯವರ ಮುಂದೆ ಹೇಳಿ ನೋಡಿ, ಮಗೂಗೆ ಹೊಟ್ಟೆ ಕೆಟ್ಟಾಗ ಕೊಡೋ ಕೂವೆಹಿಟ್ಟು ನೆನಪಾಗುತ್ತೆ!

ಇನ್ನು ವಿಷಯ ಏನು ಅಂತ ಗೊತ್ತಿದ್ರೆ ಪದ ಹುಡುಕೋದು ಸುಲಭ, ಅದಕ್ಕೆ ಅವನು ಬರೆದಿದ್ದರ ತಿರುಳು ಹೇಳ್ತೀನಿ. ಹುಟ್ಟು ಹಾಕೋಕೆ ದೋಣಿ ಉದ್ದ, ಕಿರಿದು, ಹಗುರ ಇರ್ಬೇಕು, ನೀರಿನ ಮೇಲೆ ಜಾಸ್ತಿ ಎದ್ದಿರ್ಬಾರ್ದು, ಎದ್ದಿದ್ರೆ ಎದುರುಗಾಳಿ ಹಿಡ್ಕೊಳುತ್ತೆ. ಹಾಯಿಗೆ ಅಗಲ ಬೇಕು, ಯಾಕಂದ್ರೆ ಗಾಳಿ ತಳ್ಳಿದಾಗ ದೋಣಿ ಒಂದು ಕಡೆಗೆ ವಾಲುತ್ತೆ, ಅದನ್ನ ತಡೆಯೋಕೆ. ಎರಡೂ ಬೇಕು ಅಂದ್ರೆ ಎರಡರಲ್ಲೂ ಸ್ವಲ್ಪ ಬಿಟ್ಕೊಡ್ಬೇಕು, ಹೆಚ್ಚುಕಮ್ಮಿ ಹನ್ನೊಂದರಿಂದ ಹದಿನಾಲ್ಕು ಅಡಿ ಉದ್ದ, ಸುಮಾರು ನಾಲ್ಕೂವರೆ ಅಡಿ ಅಗಲ. ಕಂಬ ಗಿಡ್ಡ ಇರ್ಬೇಕು, ಗಾಳಿ ನಿಂತ ಕೂಡ್ಲೇ ಕಿತ್ತು ದೋಣಿಯೊಳಗೇ ಮಲಗಿಸೋ ಹಾಗೆ, ಇಲ್ದಿದ್ರೆ ಹುಟ್ಟು ಹಾಕೋವಾಗ ಅದೇ ಒಂದು ಕಾಟ. ಅವನ ಕಣ್ಣು ಬಿದ್ದಿರೋದು ಮಿರರ್ ಅನ್ನೋ ದೋಣಿ ಮೇಲೆ, 1960ರ ದಶಕದ ಶುರುವಲ್ಲಿ ಇಂಗ್ಲೆಂಡಲ್ಲಿ ಜ್ಯಾಕ್ ಹೋಲ್ಟ್ ಮತ್ತೆ ಬ್ಯಾರಿ ಬಕ್ನೆಲ್ ಮಾಡಿದ್ದು, 10 ಅಡಿ 10 ಇಂಚು, ಹೆಸರು ಡೈಲಿ ಮಿರರ್ ಪೇಪರಿಂದ ಬಂದಿದ್ದು. ಪ್ಲೈವುಡ್ ಹಲಗೆಗಳನ್ನ ತಾಮ್ರದ ತಂತೀಲಿ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಟೇಪ್ ಅಂಟಿಸಿ ಮನೇಲೇ ಮಾಡ್ಬಹುದು. ಹೊಲಿದು ಅನ್ನೋ ಮಾತಿಗೆ ನಾನು ಒದ್ದಾಡ್ಲೇ ಇಲ್ಲ ನೋಡಿ, ನಮ್ಮ ಪಡುವಣ ಕರಾವಳೀಲೇ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ದೋಣಿ ಮಾಡ್ತಿದ್ರು.

ಒದ್ದಾಡಿದ್ದು ಮೂರು ಕಡೆ.

ಒಂದು, ತೆಪ್ಪದವರು ಮುಂದಕ್ಕೆ ಮುಖ ಮಾಡಿ ಒಂದೇ ಹುಟ್ಟನ್ನ ಎರಡೂ ಕೈಲಿ ಹಿಡಿದು ನೀರು ಎಳೀತಾರೆ, ಅದು ದೋಣಿಗೆ ಎಲ್ಲೂ ತಾಗಿರಲ್ಲ. ಅವನ ದೋಣೀಲಿ ಎರಡು ಉದ್ದ ಹುಟ್ಟು, ಏಳೂವರೆ ಎಂಟು ಅಡಿ, ಎರಡು ಅಂಚಿಗೂ ಒಂದೊಂದು ಸಿಕ್ಕಿಸಿ, ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂತು ಎಳೀಬೇಕು. ಇಂಗ್ಲಿಷಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರು, ಮೊದಲನೇದು ಪ್ಯಾಡಲ್, ಎರಡನೇದು ಓರ್. ನಮಗೆ ಎರಡೂ ಹುಟ್ಟೇ. ಕೈಹುಟ್ಟು, ಕಟ್ಟುಹುಟ್ಟು ಅಂತ ಬೇರೆ ಮಾಡಿದ್ರೆ ಹೇಗೆ?

ಎರಡು, ಹುಟ್ಟನ್ನ ಕೂರಿಸೋಕೆ ಅಂಚಿನ ಮೇಲೆ ಕವಲು ಥರದ ಕಬ್ಬಿಣ ಇರುತ್ತಲ್ಲ ಅದು. ನಾನು ಕವೆ ಅಂತ ಬರೆದಿದೀನಿ. ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಡಲ್ವಾ, ಅದೇ ಆಕಾರ. ಹುಟ್ಟುಗವೆ ಅಂದ್ರೆ ಕಿವಿಗೆ ಕಷ್ಟ ಆಗುತ್ತಾ?

ಮೂರು, ದೋಣಿ ಗಾಳಿಗೆ ಅಡ್ಡಡ್ಡ ಸರಿದು ಹೋಗದೆ ಇರ್ಲಿ ಅಂತ ನಡುವಿನ ಸೀಳಲ್ಲಿ ನೀರಿಗೆ ಇಳಿಸೋ ಹಲಗೆ. ಹುಟ್ಟು ಹಾಕೋವಾಗ ಮೇಲಕ್ಕೆ ಎಳ್ಕೊಂಡ್ಬಿಡ್ತಾರೆ. ಅಕ್ಕನ ಮಗ "ಕೇಂದ್ರಫಲಕ" ಅಂತ ಗೂಗಲ್ ಮಾಡಿ ತಂದಿದ್ದ, ಬಸ್‌ಸ್ಟ್ಯಾಂಡ್ ಬೋರ್ಡಿನ ಹೆಸರಿದ್ದಂಗಿದೆ, ಹೊಡೆದು ಹಾಕಿದೆ. ನಂಗೆ ಹೊಳೆದಿದ್ದು ಗುಳ. ನೇಗಿಲ ಗುಳ ಮಣ್ಣಿಗೆ ಇಳಿದ ಹಾಗೆ ಇದು ನೀರಿಗೆ ಇಳಿಯುತ್ತೆ. ನಮ್ಮನೆಯವ್ರಿಗೆ ಇದು ಒಪ್ಪಿಗೆ ಇಲ್ಲ, ಇಳಿಹಲಗೆ ಅಂದ್ರೆ ನೋಡದೇ ಇರೋರಿಗೂ ತಿಳಿಯುತ್ತೆ ಅಂತಾರೆ, ಅವರ ಮಾತಲ್ಲೂ ಹುರುಳಿದೆ.

ಹೊನ್ನಾವರ, ಕುಂದಾಪುರ, ಮಲ್ಪೆ ಕಡೆಯವರು ಇಲ್ಲಿ ತುಂಬ ಜನ ಇದೀರಿ. ನಿಮ್ಮ ಮನೇಲಿ, ನಿಮ್ಮ ದಕ್ಕೇಲಿ ಈ ಮೂರಕ್ಕೂ ದಿನಾ ಆಡೋ ಮಾತು ಇದ್ರೆ ಹೇಳಿ, ನನ್ನ ಕವೆ ಗುಳ ಎಲ್ಲ ವಾಪಸ್ ತಗೊಂಡು ಅದನ್ನೇ ಹಾಕ್ತೀನಿ. ಜೊತೆಗೆ ಇಡೀ ದೋಣಿಗೆ ಒಂದು ಹೆಸರು. ಹಾಯಿಹುಟ್ಟಿನ ದೋಣಿ ಅಂತ ಸದ್ಯಕ್ಕೆ ಇಟ್ಟಿದೀನಿ.

ಅಂದಹಾಗೆ ಬೆನ್ನು ಹಾಕಿ ಕೂತು ಹುಟ್ಟು ಹಾಕೋದನ್ನೂ ಆ ಶೆಟ್ಟಿಹಳ್ಳಿ ಅಜ್ಜನಿಗೆ ಮಾಡಿ ತೋರಿಸಿದೆ. "ಹಿಂದ್ಕ್ ನೋಡ್ಕಂಡು ಮುಂದ್ಕ್ ಹೋದ್ರೆ ನನ್ ಬಲೆ ಮೇಲೇ ಬತ್ತೀರ" ಅಂತ ಹೇಳಿ ಬಲೆ ಮಡಚಿಟ್ರು.